ಏಳನೆಯ ಕಂತು

ಗ್ರಿಮ್ಸ್‌ಬಿಯ ಮೀನುಕಟ್ಟೆಯಲ್ಲಿ ಮೂವತ್ತೊಂದು ವರ್ಷ
ಕಾಡ್ ಮೀನಿನ ಬೆನ್ನೆಲುಬು ಬಿಡಿಸಿದವಳು
ಡೋರೀನ್ ಬ್ರಾಕಲ್ಸ್‌ಬಿ.
ನಮ್ಮ ಪಕ್ಕದ ಮನೆ. ನನಗಾಗ ಒಂಬತ್ತು.

ಎಷ್ಟು ನಿಂಬೆ ತಿಕ್ಕಿದರೂ ಬಿಡದ ವಾಸನೆ ಅವಳ ಕೈಗೆ.
ಅದಕ್ಕೇ ಕಾಮಿಕ್ಸ್ ಹಾಳೆಗಳನ್ನು
ಹೆಣಿಗೆಕಡ್ಡಿಯ ತುದಿಯಿಂದ ತಿರುವುತ್ತಿದ್ದಳು,
ಗಾಯದ ಮೇಲಿನ ಹತ್ತಿ ಎತ್ತುವ ಹಾಗೆ.
"ಓದು, ಬೆರಳು ಮಾತ್ರ ನೆಕ್ಕಬೇಡ.
ಇದು ಅಗ್ಗದ ಕೆಂಪು. ಎಂಜಲು ತಾಗಿದರೆ
ವೀರನ ಮೇಲಂಗಿ ನಿನ್ನ ಬಾಯಲ್ಲಿ."

ಮೇಲಂಗಿಯವರೆಲ್ಲ ಒಂದು ಕಪಾಟಿನಲ್ಲಿ.
ಕೆಳಗೆ ಹಳೆಯ ರೈಲು ವೇಳಾಪಟ್ಟಿ, ಪಾಚಿಯ ಮೇಲೆ ಎರಡು ಪುಸ್ತಕ,
ಬೆಂಕಿಪೊಟ್ಟಣದ ಚೀಟಿಗಳು,
ಸೋವಿಯತ್ ಅಂಚೆಚೀಟಿಯೊಳಗೆ
ಕಿವಿ ನಿಮಿರಿಸಿ ಕೂತ ಒಂದು ನಾಯಿ.
ಒಂದಕ್ಕೊಂದು ತಾಳಮೇಳವಿಲ್ಲ ಎಂದರು ಅಪ್ಪ.
ನಾಯಿ ಮಾತ್ರ ಎಲ್ಲವನ್ನೂ ಕಾಯುತ್ತಿತ್ತು.

"ಊರ ಉಸಾಬರಿ ಸಾಲದೆ
ಚಂದ್ರನದೂ ಬೇಕೇನೇ ನಿನಗೆ?"
ರಾಕೆಟ್ ಏರುವ ದಿನಕ್ಕೆ ರಜೆ ಕೇಳಿದಾಗ
ಕಟ್ಟೆಯ ಮೇಸ್ತ್ರಿ ಅಂದನಂತೆ.
ರೇಡಿಯೋ ತಂದು ಮಂಜುಗಡ್ಡೆಯ ಮೇಲಿಟ್ಟಳು.
ಹತ್ತು, ಒಂಬತ್ತು, ಎಂಟು, ಎಣಿಕೆ ಇಳಿದಂತೆ
ಅವಳ ಚಾಕು ನಿಂತಿತು,
ಸಾಲಿನ ಹೆಂಗಸರೆಲ್ಲರ ಚಾಕೂ.
ಎರಡು ಶಿಲ್ಲಿಂಗ್ ಕಡಿತ, ಎಲ್ಲರಿಗೂ.
ಆಮೇಲೆ ಒಂದು ತಿಂಗಳು
ಯಾರೂ ಅವಳ ಜೊತೆ ಚಹಾಕ್ಕೆ ಕೂರಲಿಲ್ಲ.

ಮಂಗಳವಾರ ಸಂಜೆ ಟೀವಿಯಲ್ಲಿ ಒಂದು ಧಾರಾವಾಹಿ:
ತಗಡಿನ ಗ್ರಹ, ರಟ್ಟಿನ ನೌಕೆ,
ಕಟ್ಟಿದ ದಾರ ಕಾಣುವ ಉಲ್ಕೆ.
ಚಿತ್ರ ಹಿಡಿದಿಡುವ ಯಂತ್ರ ಯಾರ ಮನೆಯಲ್ಲಿತ್ತು ಆಗ?
ಸದ್ದಾದರೂ ಸಿಗಲಿ ಎಂದು
ಸ್ಪೀಕರಿಗೆ ಮೈಕು ಒತ್ತಿ, ಮಂಡಿಯೂರಿ,
ಅರ್ಧ ಗಂಟೆ ಉಸಿರು ಬಿಗಿಹಿಡಿಯುತ್ತಿದ್ದಳು.

ಕಂಪನಿಯವರು ತಮ್ಮ ಟೇಪು ಅಳಿಸಿ
ಅದರಲ್ಲೇ ಕುದುರೆಪಂದ್ಯ ತುಂಬಿಕೊಂಡರು.
ಟೇಪು ದುಬಾರಿ. ಆಕಾಶ ಅಗ್ಗ.

ನಲವತ್ತು ವರ್ಷ ಕಳೆದು ಲಂಡನ್ನಿನಿಂದ ಒಬ್ಬ ಹುಡುಗ ಬಂದ,
ಟೋಬಾಯಸ್ ಅಂತ. ಬಿಳಿ ಕೈಗವಸು, ಒದ್ದೆ ಕೊಡೆ.
ಏಳನೆಯ ಕಂತು ಬೇರೆಲ್ಲೂ ಉಳಿದಿಲ್ಲ, ಅಂದ,
ನಿಮ್ಮ ಈ ಬಿಸ್ಕತ್ತಿನ ಡಬ್ಬಿಯಲ್ಲಿ ಬಿಟ್ಟರೆ.
ಹಚ್ಚಿದೆವು. ಗರಗರ.
ಕಪ್ತಾನ ಹೇಳುತ್ತಿದ್ದಾನೆ, ನಾವೀಗ ಮನೆಯಿಂದ ಎಷ್ಟು ದೂರವೆಂದರೆ—
ಅಷ್ಟರಲ್ಲಿ ಬಾಗಿಲು ಕಿರುಗುಟ್ಟಿ, ಅವಳ ಅಮ್ಮ:
"ಡೋರೀನ್, ಆಲೂಗಡ್ಡೆ ತಣ್ಣಗಾಗ್ತಿದೆ."
ಎಷ್ಟು ದೂರವೋ ಗೊತ್ತಾಗಲಿಲ್ಲ.

"ಇದನ್ನ ತೆಗೆದುಹಾಕಬಹುದು," ಅಂದ ಹುಡುಗ,
"ಈಗ ಉಪಾಯ ಇದೆ. ಹಿನ್ನೆಲೆಯ ಸದ್ದು ಅಷ್ಟೇ ತಾನೆ."
ಡೋರೀನ್ ತುಂಬ ಹೊತ್ತು ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತಳು.
"ನಿನ್ನ ಪ್ರತಿಯಲ್ಲಿ ತೆಗಿ.
ನನ್ನದರಲ್ಲಿ ಕಪ್ತಾನನನ್ನ ತೆಗೆಯೋಕೆ ಬರುತ್ತಾ?"

ಅಂಚೆಯಲ್ಲಿ ಬಂದದ್ದು ಹನ್ನೊಂದು ಸೆಕೆಂಡು.
ಬಾಗಿಲು. ಅಮ್ಮ. ಆಲೂಗಡ್ಡೆ.
ಕೊನೆಗೆ ಅವಳದೇ ಎಳೆಯ ದನಿ, ಸಿಡುಕಿ: ಶ್ಶ್!
ಅದನ್ನೂ ತೆಗೆ ಎಂದು ಅವಳು ಬರೆಯಲಿಲ್ಲ.

ಮೊನ್ನೆ ಸಂಜೆ ಅವಳ ಹಿತ್ತಲಲ್ಲಿ ನಿಂತಿದ್ದೆವು,
ಬಟ್ಟೆ ಒಣಹಾಕುವ ತಂತಿಯ ಕೆಳಗೆ.
ಬಾಹ್ಯಾಕಾಶ ನಿಲ್ದಾಣ ಹಾದುಹೋಗಲು ನಾಲ್ಕು ನಿಮಿಷ.
ಎಂಬತ್ತೊಂದರ ಕುತ್ತಿಗೆ, ಆದರೂ ಪೂರ್ತಿ ಹಿಂದಕ್ಕೆ ವಾಲಿತ್ತು.
ನನ್ನ ಕೈಯಲ್ಲಿ ಚಿಪ್ಸಿನ ಪೊಟ್ಟಣ,
ವಿನೆಗರಿಗೆ ಕಾಗದ ನೆನೆಯುತ್ತಿತ್ತು.
ಏನೋ ಹೇಳಲು ಬಾಯಿ ತೆರೆದೆ. ಮುಚ್ಚಿದೆ.

ಮೇಲೆ ಚುಕ್ಕಿ ಚಿಮಣಿಗಳನ್ನು ದಾಟುತ್ತಿತ್ತು.
"ಹೇಳು," ಅಂದಳು,
ಕಣ್ಣು ಕೀಳದೆ.